ಕತ್ತರಿ ಹಿಡಿಯ ತೊಗಲ ಜಡೆ

ಮೊನ್ನೆ ಮಂಚದ ಕೆಳಗಿನ ಟ್ರಂಕು ಎಳೆದು ಮುಚ್ಚಳ ತೆಗೆದಾಗ ಮೊದಲು ಬಂದದ್ದು ಹರಳೆಣ್ಣೆಯ ವಾಸನೆ. ಮೊಮ್ಮಗಳ ಯೂನಿಫಾರ್ಮಿಗೆ ಒಂದು ಹುಕ್ ಬೇಕಾಗಿತ್ತು, ಅದನ್ನು ಹುಡುಕುತ್ತಿದ್ದೆ. ಬಾಬಿನ್ನುಗಳು, ಸುತ್ತಿಟ್ಟ ಟೇಪು, ಚಾಕಿನ ಚೂರುಗಳ ಕೆಳಗೆ ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿಟ್ಟ ನನ್ನ ಕಟಿಂಗ್ ಕತ್ತರಿ ಇತ್ತು. ಅಂಗಡಿ ಮುಚ್ಚಿದ ಮೇಲೆ ಅದನ್ನು ಮುಟ್ಟಿರಲಿಲ್ಲ. ಬಿಚ್ಚಿ ನೋಡಿದೆ. ಅಲಗಿಗೆ ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಹೆಬ್ಬೆರಳು ತೂರಿಸುವ ಬಳೆಗೆ ಸುತ್ತಿದ್ದ ತೊಗಲಿನ ಜಡೆ ಮಾತ್ರ ಒಂದೆಳೆಯೂ ಸಡಿಲವಾಗದೆ ಹಾಗೇ ಇತ್ತು. ಅದನ್ನು ಮೂಗಿನ ಹತ್ತಿರ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ. ಹುಕ್ ಸಿಗಲಿಲ್ಲ. ನಿಜ ಹೇಳಬೇಕೆಂದರೆ ಆಮೇಲೆ ಹುಡುಕಲೂ ಇಲ್ಲ.

ತೊಂಬತ್ತರ ದಶಕದಲ್ಲಿ ತಿಲಕ್ ನಗರದಲ್ಲಿ ನನ್ನದೊಂದು ಲೇಡೀಸ್ ಟೈಲರ್ ಅಂಗಡಿ ಇತ್ತು. ಎರಡು ಮೆಷಿನ್ನು, ಇಬ್ಬರು ಹುಡುಗಿಯರು, ಗೋಡೆಗೆ ಒಂದು ಕನ್ನಡಿ. ಹೊಲಿಗೆಯನ್ನು ಹುಡುಗಿಯರು ನೋಡಿಕೊಳ್ಳುತ್ತಿದ್ದರು, ಕಟಿಂಗ್ ಮಾತ್ರ ನನ್ನದು. ಬಟ್ಟೆ ಹಾಸಿ, ಗುರುತು ಹಾಕಿ, ಕತ್ತರಿಯನ್ನು ಒಂದೇ ಓಟಕ್ಕೆ ಓಡಿಸುವಾಗ ನನ್ನಷ್ಟು ಜಂಭದವಳು ಜಯನಗರದಲ್ಲೇ ಇರಲಿಲ್ಲ. ಒಂಬತ್ತನೇ ಬ್ಲಾಕಿನ ದೊಡ್ಡ ಮನೆಯ ಹೆಂಗಸರು ಕೂಡ ನಮ್ಮ ಗಲ್ಲಿಯ ಮೋರಿ ದಾಟಿಕೊಂಡು ಬರುತ್ತಿದ್ದರು. ಕಟಿಂಗ್ ನೀವೇ ಮಾಡ್ಬೇಕು ಎಂದು ಹೇಳಿಯೇ ಬಟ್ಟೆ ಕೊಡುತ್ತಿದ್ದರು.

ಆ ಕೈಗೇ ಕಾಯಿಲೆ ಬಂತು. ಮೊದಮೊದಲು ಹೆಬ್ಬೆರಳು ಜುಮ್ಮೆನ್ನುತ್ತಿತ್ತು, ಆಮೇಲೆ ಅದೂ ನಿಂತುಹೋಗಿ ಬೆರಳಿಗೆ ಏನೂ ತಿಳಿಯದಂತಾಯಿತು. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ ಎಂದು ಡಾಕ್ಟರು ಒಂದು ಸಣ್ಣ ಆಪರೇಷನ್ ಮಾಡಿದರು. ಆರು ತಿಂಗಳಾದರೂ ಬೆರಳಿಗೆ ಜೀವ ಬರಲಿಲ್ಲ. ಇನ್ನು ಬರೋದು ಕಷ್ಟಮ್ಮಾ, ತುಂಬಾ ತಡ ಮಾಡಿದ್ರಿ ಎಂದರು. ನಾನು ಮನೆಯಲ್ಲಿ ವಾಸಿಯಾಯಿತು ಎಂದು ಹೇಳಿದೆ. ಅಂಗಡಿಯ ಹುಡುಗಿಯರಿಗೂ ಹಾಗೇ ಹೇಳಿದೆ.

ಒಂದು ಮಧ್ಯಾಹ್ನ ಬಳೆ ಬೆರಳಿನಿಂದ ಜಾರಿದ್ದು ನನಗೆ ಗೊತ್ತೇ ಆಗಲಿಲ್ಲ. ಅಲಗು ಗುರುತು ಬಿಟ್ಟು ರೇಷ್ಮೆಯ ನಡುವಿಗೆ ನುಗ್ಗಿತ್ತು. ಬಟ್ಟೆ ಕೊಟ್ಟವರು ಬಂದಾಗ, ಪೀಸೇ ಹರಿದಿತ್ತು ಮೇಡಂ, ನೀವು ನೋಡ್ಲಿಲ್ವಾ ಎಂದು ಮುಖದ ಮೇಲೆ ಹೊಡೆದ ಹಾಗೆ ಸುಳ್ಳು ಹೇಳಿದೆ. ಅವರು ನಂಬಿದರು. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಕಟಿಂಗ್ ಹೋದರೆ ನಾನು ಯಾರು? ಬೇರೆಯವರು ಕತ್ತರಿಸಿದ್ದಕ್ಕೆ ಹೆಮ್ಮಿಂಗ್ ಹಾಕಿಕೊಂಡು ಮೂಲೆಯಲ್ಲಿ ಕೂರುವವಳು.

ಆ ದಿನಗಳಲ್ಲೇ ಚಪ್ಪಲಿ ಹೊಲಿಯುವ ಅಣ್ಣನ ಪರಿಚಯವಾದದ್ದು. ನಮ್ಮ ಗಲ್ಲಿ ಮೇನ್ ರೋಡಿಗೆ ಸೇರುವ ಕಡೆ ಹೊಂಗೆ ಮರದ ಕೆಳಗೆ ಗೋಣಿತಾಟು ಹಾಸಿಕೊಂಡು ಕೂರುತ್ತಿದ್ದರು. ಗದಗಿನ ಕಡೆಯವರು. ಆಗೆಲ್ಲ ಎಲ್ಲರ ಹಾಗೆ ನಾನೂ ಬೆನ್ನ ಹಿಂದೆ ಅವನು, ಇವನು ಎಂದೇ ಹೇಳುತ್ತಿದ್ದೆ. ಈಗ ಹಾಗೆ ಬರೆಯಲು ಕೈ ಬರುವುದಿಲ್ಲ.

ಚಪ್ಪಲಿಯ ಉಂಗುಷ್ಠ ಹಾಕಿಸಲು ಹೋಗಿದ್ದೆ. ಚರ್ಮ ಕೊಯ್ಯುವ ಅವರ ರಂಪಿಗೆಯ ಹಿಡಿ ನನ್ನ ಕಣ್ಣಿಗೆ ಬಿತ್ತು. ಮರದ ಹಿಡಿಯ ಮೇಲೆ ಸಣ್ಣ ತೊಗಲಿನ ಎಳೆಗಳನ್ನು ಹೆಣ್ಣುಮಕ್ಕಳ ಜಡೆಯ ಹಾಗೆ ಹೆಣೆದು ಒತ್ತೊತ್ತಾಗಿ ಸುತ್ತಿದ್ದರು. ಯಾಕಣ್ಣಾ ಹೀಗೆ ಎಂದು ಕೇಳಿದೆ. ಸಕ್ಕರೆ ಕಾಯಿಲೆಯಿಂದ ತಮ್ಮ ಬೆರಳುಗಳು ಸತ್ತಿವೆ ಎಂದು, ಊಟಕ್ಕೇನು ಸಾರು ಎಂದು ಹೇಳುವಷ್ಟು ಸಲೀಸಾಗಿ ಹೇಳಿದರು. ಯಾರಿಗೂ ಹೇಳದಿದ್ದ ನನ್ನ ಬೆರಳಿನ ಸುದ್ದಿ ರಸ್ತೆ ಬದಿಯಲ್ಲಿ, ಒಂದು ಕಾಲಿಗೆ ಚಪ್ಪಲಿಯಿಲ್ಲದೆ ನಿಂತಿದ್ದಾಗ ನನ್ನ ಬಾಯಿಂದ ಹೊರಗೆ ಬಂತು. ಅವರು ಕನಿಕರ ತೋರಿಸಲಿಲ್ಲ, ಕತ್ತರಿ ತಗೊಂಡು ಬರ್ರಿ ಅಂದರು.

"ಬೆರಳಿಗೆ ಗೊತ್ತಾಗಲಿಲ್ಲಂದ್ರ ಅಂಗೈಗೆ ಗೊತ್ತಾಗಬೇಕ್ರಿ ಅಕ್ಕಾರ. ಅಷ್ಟಽ."

ನನಗಿಂತ ಹತ್ತು ಹದಿನೈದು ವರ್ಷಕ್ಕೆ ದೊಡ್ಡವರು, ಆದರೂ ನಾನು ಅಕ್ಕಾರ. ಮೇಕೆ ತೊಗಲನ್ನು ದಾರದಷ್ಟು ಸಣ್ಣಗೆ ಕೊಯ್ದು, ರಾತ್ರಿಯಿಡೀ ನೆನೆಹಾಕಿ, ಮಾರನೆಯ ದಿನ ಕಾಲಿನ ಹೆಬ್ಬೆಟ್ಟಿಗೆ ತುದಿ ಸಿಕ್ಕಿಸಿಕೊಂಡು ನಾಲ್ಕೆಳೆಯ ಜಡೆ ಹೆಣೆದರು. ಹಸಿ ಇರುವಾಗಲೇ ಬಳೆಗೆ ಬಿಗಿಯಾಗಿ ಸುತ್ತಿದರು. ಒಣಗುತ್ತಾ ತಾನೇ ಕಬ್ಬಿಣವನ್ನು ಕಚ್ಚಿಕೊಳ್ಳುತ್ತದೆ ಎಂದರು. ಒಣಗಲಿಕ್ಕೆ ನೆರಳಿನಲ್ಲಿ ಎರಡು ದಿನ. ಆಮೇಲೆ ತಿಂಗಳಿಗೊಮ್ಮೆ ಎರಡು ಹನಿ ಹರಳೆಣ್ಣೆ ತಿಕ್ಕಬೇಕು. ನೀರು ಮಾತ್ರ ಸೋಕಿಸಬಾರದು. ಇದನ್ನು ಎರಡು ಸಲ ಹೇಳಿದರು.

ಮೊದಲ ದಿನ ಹಳೇ ಬೆಡ್‌ಶೀಟಿನ ಮೇಲೆ ಕತ್ತರಿ ಓಡಿಸಿ ನೋಡಿದೆ. ಜಡೆಯ ಗಂಟುಗಂಟು ಹೆಬ್ಬೆರಳ ಬುಡದಲ್ಲಿ ಅಂಗೈಗೆ ಒತ್ತುತ್ತಿತ್ತು, ಬಳೆ ಜಾರಿದರೆ ಒತ್ತು ತಪ್ಪುತ್ತಿತ್ತು. ಅಷ್ಟು ಸುಳಿವು ಸಾಕಾಯಿತು. ಬೆಡ್‌ಶೀಟ್ ಪೂರ್ತಿ ಕತ್ತರಿಸಿಬಿಟ್ಟೆ. ಹುಡುಗಿಯರು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಸುಮಾರು ಹತ್ತು ತಿಂಗಳು ಎಲ್ಲ ಸರಿಯಿತ್ತು... ಆಯುಧಪೂಜೆ ಬಂತು.

ನಮ್ಮ ಅಂಗಡಿಯಲ್ಲಿ ಆ ಹಬ್ಬ ಜೋರು. ಮೆಷಿನ್ನಿಗೆ ಬಾಳೆಕಂದು ಕಟ್ಟಿ, ಇಸ್ತ್ರಿ ಪೆಟ್ಟಿಗೆಗೂ ಹೂ ಮುಡಿಸುತ್ತಿದ್ದೆವು. ಹಿಂದಿನ ದಿನವೇ ಕತ್ತರಿಗಳನ್ನೆಲ್ಲ ಬಿಸಿನೀರಿಗೆ ಸೀಗೆಪುಡಿ ಹಾಕಿ ತಿಕ್ಕಿ ತೊಳೆದು ಬಿಸಿಲಿಗೆ ಇಡುವುದು ನಾನು ಮದುವೆಯಾಗಿ ಬಂದಾಗಿನಿಂದ ಮಾಡಿಕೊಂಡು ಬಂದ ಕೆಲಸ. ಆ ವರ್ಷವೂ ಮಾಡಿದೆ. ಹುಡುಗಿಯರ ಜೊತೆ ಯಾರದೋ ಮದುವೆಯ ಮಾತಾಡಿಕೊಂಡು, ಬಕೆಟ್ಟಿನಲ್ಲಿ ಅದ್ದಿ, ತೆಂಗಿನ ನಾರಿನಿಂದ ಉಜ್ಜಿ, ತಾರಸಿಯ ಮೇಲೆ ಸಾಲಾಗಿ ಹರಡಿ ಬಂದೆ. ತಲೆಗೆ ಏನು ಮಂಕು ಕವಿದಿತ್ತೋ. ಮಾರನೆಯ ದಿನ ಬೆಳಿಗ್ಗೆ ಕುಂಕುಮ ಇಡಲು ಕೈಗೆತ್ತಿಕೊಂಡು ನೋಡಿದರೆ, ತೊಗಲು ಮುರುಟಿ ಕಟ್ಟಿಗೆಯಾಗಿತ್ತು. ಮುಟ್ಟಿದರೆ ಎಳೆಗಳು ಲಟಲಟ ಮುರಿದು ಉದುರಿದವು.

ಬೇರೆ ದಿನವಾಗಿದ್ದರೆ ಎರಡು ದಿನ ತಲೆನೋವು ಎಂದು ನೆಪ ಹೇಳಬಹುದಿತ್ತು. ಆದರೆ ಮಾರನೆಯ ದಿನ, ವಿಜಯದಶಮಿಯಂದು ಬೆಳಿಗ್ಗೆ ಹತ್ತಕ್ಕೆ, ಗಿರಿನಗರದಿಂದ ಒಂದು ಮದುವೆ ಮನೆಯವರು ಬರುವವರಿದ್ದರು. ಮುಹೂರ್ತದ ಸೀರೆಯ ರವಿಕೆಗೆ ಒಳ್ಳೆಯ ಗಳಿಗೆಯಲ್ಲಿ ಕತ್ತರಿ ಹಾಕಿಸಬೇಕು, ನಾವೂ ಕೂತು ನೋಡಬೇಕು ಎಂದು ಮದುಮಗಳ ಅಜ್ಜಿ ಹೇಳಿ ಕಳಿಸಿದ್ದರು. ಐದಾರು ಜನರ ಕಣ್ಣೆದುರು, ಸೀರೆಯಿಂದ ಬಿಡಿಸಿದ ಒಂದೇ ಒಂದು ಪೀಸು. ತಪ್ಪಿದರೆ ಇನ್ನೊಂದಿಲ್ಲ. ಹರಿದಿತ್ತು ಎಂದು ಸುಳ್ಳು ಹೇಳಲೂ ಆಗುವುದಿಲ್ಲ. ಸಂಜೆಯೊಳಗೆ ನನ್ನ ಕೈ ಸತ್ತಿದೆ ಎಂದು ಜಯನಗರಕ್ಕೆಲ್ಲ ಗೊತ್ತಾಗುತ್ತಿತ್ತು.

ಕತ್ತರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡಿದೆ. ರಸ್ತೆ ತುಂಬ ಒಡೆದ ಬೂದುಗುಂಬಳ, ಕುಂಕುಮದ ನೀರು. ಹಬ್ಬವಾದರೂ ಅವರು ಮರದ ಕೆಳಗಿದ್ದರು, ಆದರೆ ಕೆಲಸ ಮಾಡುತ್ತಿರಲಿಲ್ಲ. ತೊಳೆದ ಗೋಣಿತಾಟಿನ ಮೇಲೆ ಉಳಿ, ಸುತ್ತಿಗೆ, ಚಪ್ಪಲಿಯ ಅಚ್ಚು, ರಂಪಿಗೆ ಎಲ್ಲ ಸಾಲಾಗಿ ಜೋಡಿಸಿಟ್ಟಿದ್ದರು. ಒಂದೊಂದರ ಮೇಲೂ ಒಂದು ಚೆಂಡುಹೂವು. ಪಕ್ಕದಲ್ಲಿ ಊದುಬತ್ತಿ ಉರಿಯುತ್ತಿತ್ತು. ಅವರು ಸ್ನಾನ ಮಾಡಿ ಬಿಳಿ ಅಂಗಿ ಹಾಕಿಕೊಂಡು ಕೈಕಟ್ಟಿ ಕೂತಿದ್ದರು.

"ಇವತ್ತ ಹತಾರ ಮುಟ್ಟಂಗಿಲ್ರೀ ಅಕ್ಕಾರ. ನಾಳಿ ಬರ್ರಿ."

ನಾಳೆ ತೊಗಲು ಕೊಯ್ದು ನೆನೆಹಾಕಿದರೆ ಒಣಗುವುದು ಯಾವಾಗ? ಅವರಿಗೂ ಅದು ಗೊತ್ತಿತ್ತು. ನಾನು ಹೇಳಿದೆ, ಬೇಡಿಕೊಂಡೆ, ಕೊನೆಗೆ ಜಗಳಕ್ಕೇ ನಿಂತೆ. ದೇವರು ಕಣ್ಣು ಕಿತ್ಕೊಳ್ತಾನಾ ಎಂದು ಏನೇನೋ ಅಂದೆ. ಎದುರಿನ ಹೂವಿನಮ್ಮ ಎದ್ದು ನಿಂತು ನೋಡುತ್ತಿದ್ದಳು. ಎರಡು ಮಕ್ಕಳ ತಾಯಿ, ರೇಷ್ಮೆ ಸೀರೆ ಉಟ್ಟುಕೊಂಡು, ಹಬ್ಬದ ದಿನ ನಡುರಸ್ತೆಯಲ್ಲಿ ಗೋಳೋ ಎಂದು ಅತ್ತೆ. ಈಗಲೂ ನೆನೆದರೆ ಮೈಯೆಲ್ಲ ನಾಚಿಕೆಯಿಂದ ಮುದುಡುತ್ತದೆ.

ಅವರು ರಂಪಿಗೆಯ ಮೇಲಿದ್ದ ಹೂವನ್ನು ತೆಗೆದು ಪಕ್ಕಕ್ಕಿಟ್ಟರು. ರಂಪಿಗೆಯನ್ನು ಕಣ್ಣಿಗೊತ್ತಿಕೊಂಡರು. ಹಿಡಿಯ ಬುಡದಲ್ಲಿ ಸಿಕ್ಕಿಸಿದ್ದ ತುದಿಯನ್ನು ಉಗುರಿನಿಂದ ಕೆದಕಿ ಹೊರಗೆಳೆದು, ಜಡೆಯನ್ನು ಸುತ್ತು ಸುತ್ತಾಗಿ ಬಿಚ್ಚತೊಡಗಿದರು.

"ಅಣ್ಣಾ, ಅದು ನಿಮ್ದು..." ಎಂದೆ.

"ನಾ ಆಮ್ಯಾಲ ಹೆಣಕೋತೀನ್ರಿ. ಕೈಲೇ ಸುತ್ತತೀನಿ, ಹತಾರ ಹಚ್ಚಂಗಿಲ್ಲ."

ಬೇಡ ಎನ್ನಬೇಕಿತ್ತು. ಆ ಜಡೆ ಯಾತಕ್ಕಿದೆ ಎಂದು ಆ ರಸ್ತೆಯಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಅವರ ಬೆರಳೂ ನನ್ನ ಬೆರಳಿನಂಥದ್ದೇ, ಅವರ ಅಲಗು ನನ್ನದಕ್ಕಿಂತ ಹರಿತ. ಎಲ್ಲ ಗೊತ್ತಿತ್ತು. ನಾನು ಬೇಡ ಎನ್ನಲಿಲ್ಲ. ಬೇಗ ಆಗಲಿ ಎಂದು ನಿಂತಿದ್ದೆ.

ಉಳಿ ಮುಟ್ಟದೆ, ಸುತ್ತಿಗೆ ಮುಟ್ಟದೆ, ಬರಿಗೈಯಲ್ಲಿ ಸುತ್ತಿದರು. ಬಿಗಿ ಮಾಡಲು ಹಲ್ಲಿನಲ್ಲಿ ಕಚ್ಚಿ ಎಳೆದರು. ಎಷ್ಟೋ ವರ್ಷ ಅವರ ಕೈಯ ಎಣ್ಣೆ, ಬೆವರು ಕುಡಿದಿದ್ದ ಆ ಜಡೆ ನೆನೆಸುವ ಅಗತ್ಯವೇ ಇಲ್ಲದಷ್ಟು ಮೆತ್ತಗಿತ್ತು. ತುದಿಯನ್ನು ಒಳಗೆ ತೂರಿಸಿ, ಕತ್ತರಿಯನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟರು. ರಂಪಿಗೆಯ ಬರೀ ಮರದ ಹಿಡಿಯ ಮೇಲೆ ಹೂವನ್ನು ಮತ್ತೆ ಇಟ್ಟರು. ಅದು ಎರಡು ಸಲ ಉರುಳಿ ಬಿತ್ತು.

ಮಾರನೆಯ ದಿನ ಹತ್ತು ಗಂಟೆಗೆ ಅಜ್ಜಿ, ತಾಯಿ, ಚಿಕ್ಕಮ್ಮಂದಿರು ಎಲ್ಲ ಸಾಲಾಗಿ ಕೂತರು. ಒಂದೇ ಓಟಕ್ಕೆ ಕತ್ತರಿಸಿದೆ. ಅಜ್ಜಿ ನನ್ನ ಕೈ ಹಿಡಿದು, ಎಂಥಾ ಕೈಯಮ್ಮಾ ನಿಂದು ಎಂದರು. ನಾನು ನಕ್ಕೆ.

ನಾಲ್ಕು ದಿನ ಬಿಟ್ಟು ಡಬ್ಬಿಯಲ್ಲಿ ರವೆಉಂಡೆ ತೆಗೆದುಕೊಂಡು ಹೋದೆ. ರಂಪಿಗೆಯ ಹಿಡಿಗೆ ಒಂದು ಬಟ್ಟೆ ಚಿಂದಿ ಸುತ್ತಿಕೊಂಡಿದ್ದರು. ಯಾಕಣ್ಣಾ, ಹೆಣ್ಕೊಳ್ಳಲಿಲ್ವಾ ಎಂದರೆ, ಹೆಣ್ಕೋತೀನ್ರಿ, ಪುರುಸೊತ್ತಾಗಲಿ ಎಂದರು. ದೀಪಾವಳಿ ಹತ್ತಿರ ಬಂದಿತ್ತು, ಅವರಿಗೂ ಕೆಲಸ, ನನಗೂ ಕೆಲಸ. ಚಿಂದಿ ಎಣ್ಣೆ ಕುಡಿದು ನುಣ್ಣಗಾಗುತ್ತಿದ್ದುದನ್ನು ಹೋಗುತ್ತಾ ಬರುತ್ತಾ ನೋಡುತ್ತಿದ್ದೆ. ಒಂದು ದಿನ ಅಲ್ಲೇ ಕೂತು, ಇವತ್ತು ನಿಮ್ಮದು ಹೆಣ್ಕೊಳ್ಳೋವರೆಗೂ ನಾನು ಏಳಲ್ಲ ಎಂದು ಹಟ ಹಿಡಿಯಬಹುದಿತ್ತು. ಅಷ್ಟು ಹಟ ನನ್ನ ಕೆಲಸಕ್ಕೆ ಮಾತ್ರ ಇತ್ತು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರ ಎಡಗೈಗೆ ಕೊಳಕು ಬಟ್ಟೆ ಕಟ್ಟಿತ್ತು. ನನ್ನನ್ನು ಕಂಡು ಆ ಕೈಯನ್ನು ಗೋಣಿತಾಟಿನ ಕೆಳಗೆ ಸರಿಸಿದರು. ರಂಪಿಗೆ ಜಾರಿತು ಅಷ್ಟೆ ಎಂದರು. ಹೂವಿನಮ್ಮ ಆಮೇಲೆ ಹೇಳಿದಳು, ಕೊಯ್ದುಕೊಂಡದ್ದು ಅವರಿಗೆ ಗೊತ್ತೇ ಆಗಿರಲಿಲ್ಲವಂತೆ. ಹೊಲಿಯುತ್ತಿದ್ದ ಚಪ್ಪಲಿ ಕೆಂಪಾದದ್ದನ್ನು ನೋಡಿ ಗಿರಾಕಿಯೇ ಕೂಗಿದನಂತೆ. ಆಸ್ಪತ್ರೆಗೆ ಹೋಗಿ ಅಣ್ಣಾ, ಸಕ್ಕರೆ ಕಾಯಿಲೆ ಬೇರೆ ಇದೆ ಎಂದು ನಾನು ಹೇಳಿದೆ. ಹೇಳಿದೆ ಅಷ್ಟೆ. ಅಂಗಡಿಯಲ್ಲಿ ಟ್ರಯಲ್ಲಿಗೆ ಯಾರೋ ಕಾಯುತ್ತಿದ್ದರು, ಹೊರಟುಬಿಟ್ಟೆ. ಬಲವಂತದಿಂದ ಒಂದು ಆಟೋಗೆ ಹತ್ತಿಸಿದ್ದರೆ ಹತ್ತು ನಿಮಿಷದ ದಾರಿ.

ಮುಂದಿನ ವಾರ ಮರದ ಕೆಳಗೆ ಯಾರೂ ಇರಲಿಲ್ಲ. ಕೈ ಕಪ್ಪಾಗಿತ್ತು, ಹೆಂಡತಿಯ ತಮ್ಮ ಬಂದು ಊರಿಗೆ ಕರೆದುಕೊಂಡು ಹೋದ ಎಂದು ಹೂವಿನಮ್ಮ ಹೇಳಿದಳು. ಎರಡು ಬೆರಳು ತೆಗೆದರು ಎಂದು ಒಬ್ಬರು, ಇಡೀ ಕೈ ಎಂದು ಇನ್ನೊಬ್ಬರು... ಬದುಕಿಲ್ಲ ಎಂದೂ ಯಾರೋ ಹೇಳಿದರು. ಗದಗಿನ ಕಡೆ ಎಂದರೆ ಯಾವ ಊರು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಹೆಸರನ್ನೂ ಕೇಳಿರಲಿಲ್ಲ. ಕಾಗದ ಬರೆಯೋಣವೆಂದರೆ ಯಾರಿಗೆ ಬರೆಯಲಿ?

ಆ ಜಡೆಯಿಂದ ನಾನು ಇನ್ನೂ ಹತ್ತು ವರ್ಷಕ್ಕೂ ಮೇಲೆ ಕತ್ತರಿಸಿದೆ. ಎಷ್ಟು ಮದುಮಕ್ಕಳ ರವಿಕೆಗಳೋ. ತಿಂಗಳಿಗೊಮ್ಮೆ ತಪ್ಪದೆ ಹರಳೆಣ್ಣೆ ತಿಕ್ಕಿದೆ, ಪ್ರತಿ ಆಯುಧಪೂಜೆಗೂ ಒಣಬಟ್ಟೆಯಲ್ಲಿ ಒರೆಸಿ ಹೂವಿಟ್ಟೆ. ಎಲ್ಲರೂ ನನ್ನ ಕೈಯನ್ನು ಹೊಗಳಿದರು. ಒಬ್ಬರಿಗೂ ನಿಜ ಹೇಳಲಿಲ್ಲ.

ಹೊಂಗೆ ಮರ ಈಗಿಲ್ಲ, ಅಲ್ಲಿ ಸ್ಕೂಟರುಗಳು ನಿಲ್ಲುತ್ತವೆ. ಅವರೂ ಇರಲಾರರು. ಮೊನ್ನೆ ಟ್ರಂಕಿನ ಮುಂದೆ ಕೂತು, ಆ ಬಳೆಯೊಳಗೆ ಹೆಬ್ಬೆರಳು ತೂರಿಸಿ, ಬಟ್ಟೆಯಿಲ್ಲದೆ ಗಾಳಿಯಲ್ಲೇ ಒಮ್ಮೆ ಕತ್ತರಿ ಆಡಿಸಿದೆ. ಅಜ್ಜೀ, ಹುಕ್ ಸಿಕ್ತಾ ಎಂದು ಮೊಮ್ಮಗಳು ಒಳಗಿನಿಂದ ಕೂಗುತ್ತಿದ್ದಳು. ಬೆರಳಿಗೆ ಏನೂ ಗೊತ್ತಾಗಲಿಲ್ಲ. ಅಂಗೈಗೆ ಮಾತ್ರ ಜಡೆಯ ಒಂದೊಂದು ಗಂಟೂ ಗೊತ್ತಾಯಿತು.