ಸುಮಿತ್ರೆ ಕಂಡ ಬೆಳಕು

ದೆವ್ವ, ಶಕುನ ಎಂದವರಿಗೆ ಕ್ಲಾಸಿನಲ್ಲೇ ಮಂಗಳಾರತಿ ಎತ್ತುತ್ತಿದ್ದ ಫಿಸಿಕ್ಸ್ ಮೇಷ್ಟ್ರು ನಾನು. ಲೆಕ್ಕಕ್ಕೆ ಸಿಗದ್ದೆಲ್ಲ ಸುಳ್ಳು ಎನ್ನುತ್ತಿದ್ದೆ. ಈಗ ಹೇಳಹೊರಟಿದ್ದನ್ನು ನೀವು ನಂಬಲೇಬೇಕೆಂದೇನೂ ಇಲ್ಲ. ನನಗೇ ನಂಬಲೂ ಆಗುತ್ತಿಲ್ಲ, ಬಿಡಲೂ ಆಗುತ್ತಿಲ್ಲ.

ತೊಂಬತ್ತರ ದಶಕದ ಕೊನೆ. ಹೆಂಡತಿ ಸುಮಿತ್ರೆಗೆ ಮೆದುಳಿನಲ್ಲಿ ಗಡ್ಡೆಯಾಗಿ ಎರಡೂ ಕಣ್ಣು ಹೋಗಿದ್ದವು. ಕಣ್ಣಿನ ನರವೇ ಸತ್ತಿದೆ, ಹೆಚ್ಚು ದಿನವೂ ಇಲ್ಲ ಎಂದು ಮಂಗಳೂರಿನ ಡಾಕ್ಟರು ಕೈಚೆಲ್ಲಿದ್ದರು. ಗೋಣಿಬೀಡಿನ ಹತ್ತಿರ ಅವಳ ಅಣ್ಣನ ಎಸ್ಟೇಟಿಗೆ ಕರೆತಂದೆ. ಜೊತೆಗೆ ನನ್ನ ಹುಚ್ಚೂ ಬಂತು, ವಿಶ್ವಕಿರಣದ ಹುಚ್ಚು. ಆಕಾಶದಾಚೆಯಿಂದ ಒಂದೇ ಒಂದು ಕಣ ಭಾರೀ ಶಕ್ತಿಯಿಂದ ಬಂದು ಗಾಳಿಗೆ ಬಡಿದರೆ ಕೋಟಿಗಟ್ಟಲೆ ಕಣಗಳ ಮಳೆ ನೆಲಕ್ಕೆ ಬೀಳುತ್ತದೆ. ಹಗಲಿರುಳೆನ್ನದೆ ಬೀಳುತ್ತದೆ, ಯಾರ ಕಣ್ಣಿಗೂ ಕಾಣುವುದಿಲ್ಲ. ಕಾಫಿ ಒಣಗಿಸುವ ಯಾರ್ಡಿನ ಮೂಲೆಗಳಲ್ಲಿ ಅದನ್ನು ಹಿಡಿಯುವ ಮೂರು ಪೆಟ್ಟಿಗೆ ಇಟ್ಟು, ತಂತಿ ಎಳೆದು ಮನೆಯೊಳಗೆ ಲೆಕ್ಕ ಬರೆದುಕೊಳ್ಳುವ ಮಿಷನ್ನಿಗೆ ಜೋಡಿಸಿದ್ದೆ. ಯಾವುದಕ್ಕೆ ಮೊದಲು ತಾಗಿತು, ಯಾವುದಕ್ಕೆ ಆಮೇಲೆ ಎಂಬುದರಿಂದ ಬಂದ ದಿಕ್ಕು ತಿಳಿಯುತ್ತದೆ.

ಒಂದು ಮಧ್ಯಾಹ್ನ ಸುಮಿತ್ರೆ ಜಗಲಿಯ ಕುರ್ಚಿಯಲ್ಲಿ ಕೂತಿದ್ದಳು. ಹೆಂಗಸರು ಯಾರ್ಡಿನಲ್ಲಿ ಕಾಫಿ ಹರಡುತ್ತಿದ್ದರು. ಇದ್ದಕ್ಕಿದ್ದಂತೆ, "ಅಯ್ಯೋ! ರೀ, ಅದೇನ್ರೀ ಬೆಳಕು!" ಎಂದು ಕಿರುಚಿ ದೇವರಮನೆ ಗುಡ್ಡದ ಕಡೆ, ಮೇಲಕ್ಕೆ, ಕೈ ತೋರಿದಳು. ಬೇರೆ ಯಾರಿಗೂ ಏನೂ ಕಂಡಿರಲಿಲ್ಲ. ಒಳಗೆ ಓಡಿ ನೋಡಿದರೆ ಮಿಷನ್ನು ಅದೇ ಕ್ಷಣದಲ್ಲಿ, ಅದಕ್ಕೆ ಅಳೆಯಲಾಗದಷ್ಟು ದೊಡ್ಡ ಮಳೆಯನ್ನು ಹಿಡಿದಿತ್ತು. ಲೆಕ್ಕ ಹಾಕಿದೆ. ದಿಕ್ಕು ಅವಳು ತೋರಿದ್ದೇ.

ಕಣ್ಣು ಬದುಕಿದೆ! ಮರುದಿನವೇ ಮಂಗಳೂರಿಗೆ ಕರೆದೊಯ್ದೆ. ಡಾಕ್ಟರು ಟಾರ್ಚ್ ಬಿಟ್ಟು ನೋಡಿ ತಲೆಯಲ್ಲಾಡಿಸಿದರು. ಎಂಥ ಮಂಕುಬುದ್ಧಿ ನನ್ನದು, ಅವಳಿಗೂ ಆಸೆ ಹುಟ್ಟಿಸಿಬಿಟ್ಟಿದ್ದೆ.

ವಾಪಸು ಬರುವಾಗ ಜೀಪಿನಲ್ಲಿ ಅವಳೇ ಕೇಳಿದಳು. "ಅದು ಎಲ್ಲಿಂದ ಬಂತು ಹೇಳಿ ಮಾರಾಯ್ರೆ. ಆ ಕಡೆಗೇ ಮುಖ ಮಾಡ್ಕೊಂಡು ಕೂರ್ತೀನಿ. ಇನ್ನೊಂದ್ಸಲ ಬಂದ್ರೂ ಬರ್ಬೋದು."

ಏನು ಹೇಳಲಿ? ಅಂಥ ಕಣಗಳು ಎಲ್ಲಿ ಹುಟ್ಟುತ್ತವೆಂದು ಯಾರಿಗೂ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಕಾಂತಕ್ಷೇತ್ರಗಳು ಅವನ್ನು ಬಾಗಿಸುತ್ತವೆ. ಬಂದ ದಿಕ್ಕೇ ಹೊರಟ ದಿಕ್ಕು ಎನ್ನುವಂತಿಲ್ಲ. ಭೂಮಿಯೂ ತಿರುಗುತ್ತದಲ್ಲ, ಆ ಆಕಾಶ ಆ ಗುಡ್ಡದ ಮೇಲೆ ನಿಂತಿರುವುದೂ ಇಲ್ಲ. ಇದನ್ನೆಲ್ಲ ಹೇಳಲು ಬಾಯಿ ಬರಲಿಲ್ಲ.

"ದೇವರಮನೆ ಕಡೆಯಿಂದ" ಎಂದೆ.

ಅವಳು ದಿನಾ ಅತ್ತ ಮುಖ ಮಾಡಿ ಕೂತಳು. ಮಿಷನ್ನು ಎಲ್ಲ ದಿಕ್ಕಿನಿಂದಲೂ ಸಣ್ಣಪುಟ್ಟ ಮಳೆಗಳನ್ನು ಹಿಡಿಯುತ್ತಲೇ ಇತ್ತು. ಅವಳಿಗೆ ಒಂದೂ ಕಾಣಲಿಲ್ಲ. "ಬಂತೇನ್ರೀ?" ಎಂದು ಕೇಳುವುದನ್ನೂ ಕೊನೆಗೆ ಬಿಟ್ಟಳು. ಮಳೆಗಾಲ ಹಿಡಿಯುವ ಮೊದಲೇ, ಕೂತಲ್ಲೇ, ಹೋಗಿಬಿಟ್ಟಳು.

ಕಾಕತಾಳೀಯ ಎನ್ನುತ್ತಾರೆ ಗೆಳೆಯರು. ಸಾಯುವ ನರ ಒಮ್ಮೆ ಮಿಂಚಿರಬಹುದು, ಒಪ್ಪಿದೆ. ಹಾಗಾದರೆ ಆ ಕ್ಷಣ? ಆ ದಿಕ್ಕು? ಆದರೆ ನನ್ನನ್ನು ಕೊರೆಯುವುದು ಅದೂ ಅಲ್ಲ. ಆ ಕೊನೆಯ ದಿನಗಳಲ್ಲಿ ಅವಳನ್ನು ಯಾವ ಕಡೆ ಮುಖ ಮಾಡಿ ಕೂರಿಸಬೇಕಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ.