ಫೋಟೋ ವಾಪಸ್ ಕಳಿಸಿರಿ

ಮೂಡಲಗಿಯಿಂದ ನಮ್ಮ ಗೋಕಾಕದ ಕಚೇರಿಗೆ ಬರುತ್ತಿದ್ದ ಮೇಲ್‌ಗಳಲ್ಲಿ ಫೋಟೋ ಒಂದನ್ನು ಬಿಟ್ಟು ಉಳಿದೆಲ್ಲ ಇರುತ್ತಿತ್ತು. ಯಾವ ಊರು, ಯಾವ ಕಾರ್ಯಕ್ರಮ, ಎಡದಿಂದ ಬಲಕ್ಕೆ ಯಾರ ಪಕ್ಕದಲ್ಲಿ ಯಾರು ನಿಂತಿದ್ದಾರೆ, ಎಲ್ಲವೂ ತಪ್ಪಿಲ್ಲದ ಕನ್ನಡದಲ್ಲಿ. ಕೊನೆಗೆ ಪ್ರತಿ ಸಲವೂ ಅದೇ ಸಾಲು: ‘ಕೆಲಸವಾದ ಮೇಲೆ ಫೋಟೋ ವಾಪಸ್ ಕಳಿಸಿರಿ.’

ಬಾರದ ಫೋಟೋವನ್ನು ವಾಪಸ್ ಕೇಳುವ ಈ ಸಾಲು ಕಚೇರಿಯಲ್ಲಿ ನಗೆಯ ವಿಷಯವಾಗಿತ್ತು.

“ಕಾಕಾನ ಫೋಟೋ ಬಂತೇನ್ರಿ?” ಎಂದು ಪುಟ ಕಟ್ಟುವವರು ಸಂಜೆ ಕೇಳುವರು.

“ಬಂದಿಲ್ಲ. ವಾಪಸ್ ಕಳಿಸೋದಷ್ಟ ಬಾಕಿ ಐತಿ.”

ನಾನು ಆ ಸಣ್ಣ ದಿನಪತ್ರಿಕೆಯಲ್ಲಿ ಸುತ್ತಲಿನ ತಾಲ್ಲೂಕುಗಳ ಸುದ್ದಿ ತಿದ್ದುವ ಮೇಜಿನಲ್ಲಿದ್ದೆ. ಕಾಕಾ ಎಂದು ಎಲ್ಲರೂ ಕರೆಯುತ್ತಿದ್ದವರು ನಮ್ಮ ಮೂಡಲಗಿಯ ವರದಿಗಾರರು; ಅರವತ್ತು ದಾಟಿದವರು. ಮೊದಲು ಅಲ್ಲಿನ ಬಸ್ ಸ್ಟ್ಯಾಂಡ್ ಹತ್ತಿರ ಫೋಟೋ ಸ್ಟುಡಿಯೋ ಇಟ್ಟಿದ್ದರು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಸ್ಟುಡಿಯೋ ಮುಚ್ಚಿತು, ವರದಿಗಾರಿಕೆ ಉಳಿಯಿತು. ವಾಟ್ಸಾಪ್‌ನಲ್ಲಿ ಅವರು ಕಳಿಸುತ್ತಿದ್ದ ಫೋಟೋಗಳು ಬರುತ್ತಿದ್ದವು, ಆದರೆ ಅಲ್ಲಿ ಫೋಟೋ ಕುಗ್ಗಿ ಬರುವುದರಿಂದ ಅಚ್ಚಿನಲ್ಲಿ ಮುಖಗಳು ಹಿಟ್ಟು ಹಿಟ್ಟಾಗುತ್ತಿದ್ದವು. ಹಾಗಾಗಿ ವರದಿಗಾರರಿಗೆಂದೇ ಪತ್ರಿಕೆ ಒಂದು ಮೇಲ್ ಆಪ್ ಮಾಡಿಸಿತ್ತು. ಅದರಲ್ಲಿ ಬಂದ ಫೋಟೋ ಮಾತ್ರ ಪುಟಕ್ಕೆ ಎಂದು ಕಟ್ಟಳೆಯಾಯಿತು.

ಫೋನ್ ಮಾಡಿದರೆ ಕಾಕಾ ಒಂದೇ ಮಾತು ಹೇಳುತ್ತಿದ್ದರು: “ನಾ ಹಾಕೇನ್ರಿ. ನಿಮ್ಮ ಕಡೆ ನೋಡ್ರಿ.”

ಕೊನೆಗೆ ಪತ್ರಿಕೆಯ ಮಾಲೀಕರು ನನ್ನನ್ನು ಕರೆದರು. ಸಿಟ್ಟಿನಲ್ಲೇನೂ ಇರಲಿಲ್ಲ. “ದೀಪಾವಳಿ ಮಟ ನೋಡೂಣು. ಆಮ್ಯಾಲ ಮೂಡಲಗಿ, ಕಲ್ಲೋಳಿ ಬ್ಯಾರೇದವ್ರಿಗಿ ಕೊಡೂಣು. ಕಾಕಾಗ ನೀವ ಹೇಳ್ರಿ, ನನಗ ಹೇಳಾಕ ಆಗೂದಿಲ್ಲ,” ಎಂದರು. ನನಗೂ ಆಗಲಿಲ್ಲ. ಹೇಳದೆ ದಿನ ದೂಡುತ್ತಿದ್ದೆ.

ಆಪ್ ಬಗ್ಗೆ ಬೇರೆ ಊರುಗಳಿಂದಲೂ ದೂರುಗಳಿದ್ದವು. ಅದನ್ನು ಸರಿಪಡಿಸಲು ಬಂದವಳು ಹುಕ್ಕೇರಿಯ ಒಬ್ಬ ಹುಡುಗಿ. ಆಪ್‌ಗಳ ಪರದೆ ಹೇಗಿರಬೇಕು, ಯಾವುದರ ಮುಂದೆ ಯಾವುದು ಬರಬೇಕು ಎಂದು ರೂಪಿಸುವುದು ಅವಳ ಕೆಲಸ. ಬಂದವಳು ಕಂಪ್ಯೂಟರ್ ತೆಗೆಯಲಿಲ್ಲ. ಜನ ಫೋನ್ ಹಿಡಿದು ಮೇಲ್ ಕಳಿಸುವುದನ್ನು ಬಾಜೂ ಕುಳಿತು ನೋಡಬೇಕು ಎಂದಳು. ನಾನು ಜೊತೆಗೆ ಬಂದು ಅವರು ಮಾಡಿದ್ದನ್ನು, ಆಡಿದ್ದನ್ನು ಬರೆದುಕೊಳ್ಳಬೇಕು.

“ನಿಮ್ಮ ಅಭಿಪ್ರಾಯ ಬ್ಯಾಡ್ರಿ ಸರ್. ಕಂಡದ್ದಷ್ಟ ಬರೀರಿ,” ಎಂದಳು. ಇಷ್ಟು ವರ್ಷ ನಾನು ವರದಿಗಾರರಿಗೆ ಹೇಳುತ್ತ ಬಂದ ಮಾತು ಅದು.

ಮೊದಲು ಅವಳದೇ ಊರಿಗೆ ಹೋದೆವು. ಹುಕ್ಕೇರಿಯ ವರದಿಗಾರ ನಿಂತಲ್ಲೇ ಫೋಟೋ ಜೋಡಿಸಿ ಕಳಿಸಿ, “ಇಷ್ಟಕ್ಕ ಬಂದ್ರೇನು?” ಎಂದ. ಅವಳಿಗೆ ಸಮಾಧಾನವಾಗಲಿಲ್ಲ. “ನನಗ ಬರಲಾರದವ್ರು ಬೇಕ್ರಿ,” ಎಂದಳು. ಹಿಡಕಲ್‌ನಲ್ಲಿ ನೀರಾವರಿ ಕಚೇರಿಯ ಒಬ್ಬರು ಜಲಾಶಯದ ಸುದ್ದಿ ಕಳಿಸುತ್ತಿದ್ದರು. ಫೋಟೋ ಜೋಡಿಸುವ ಕಡೆ ಆಪ್‌ನಲ್ಲಿ ಕಾಗದ ಸಿಕ್ಕಿಸುವ ಕ್ಲಿಪ್ಪಿನ ಸಣ್ಣ ಚಿತ್ರವಿತ್ತು. ಅದನ್ನು ಯಾಕೆ ಒತ್ತಲಿಲ್ಲ ಎಂದರೆ, “ಇದು ಮೀನಾ ಹಿಡಿಯೂ ಗಾಳ ಅಲ್ರಿ? ನಮ್ಮ ಕಡೆ ಎಲ್ಲಾ ಇದ್ರಾಗ ಹಿಡೀತಾರ. ಸುಮ್ನ ಯಾಕ ಮುಟ್ಟೂದಂತ ಬಿಟ್ನಿ,” ಎಂದರು. ಹುಡುಗಿ ನಗಲಿಲ್ಲ. ಆ ಚಿತ್ರ ತೆಗೆಯಬೇಕು ಎಂದು ನನ್ನಿಂದ ಬರೆಸಿದಳು.

ಮೂಡಲಗಿಗೆ ಹೋದಾಗ ಮಧ್ಯಾಹ್ನ ಇಳಿದಿತ್ತು. ಕಾಕಾನ ಮನೆಯ ಮುಂದಿನ ಕೋಣೆಯಲ್ಲಿ ಸ್ಟುಡಿಯೋದ ಹಳೆಯ ಪರದೆ ಇನ್ನೂ ಇತ್ತು. ಗೋಕಾಕ ಫಾಲ್ಸ್‌ನ ಚಿತ್ರ ಬರೆದ ಬಟ್ಟೆ, ನೀರಿನ ಬಣ್ಣ ಮಾಸಿತ್ತು. ಒಂದು ಕಾಲಕ್ಕೆ ಊರಿನ ಅರ್ಧ ಜನ ಮದುವೆಯಾದ ವಾರದಲ್ಲಿ ಅದರ ಮುಂದೆ ನಿಂತವರು. ಕಾಕಾನ ಹೆಂಡತಿ ಕಾಕು ಚಹಾ, ಚುರುಮುರಿ ತಂದಿಟ್ಟು ನಮ್ಮೆದುರೇ ಕೂತರು.

“ಏನ ಮಗಳ, ಇವ್ರಿಗಿ ಕಲಿಸಾಕ ಬಂದಿ? ನಾಕು ವರ್ಷಾತು, ನನಗ ಇವ್ರಿಗಿ ಕುಕ್ಕರ್ ಮುಚ್ಚೂದು ಕಲ್ಸಾಕ ಆಗಿಲ್ಲ.”

“ಕುಕ್ಕರ್ ಬ್ಯಾರೆ, ಇದ ಬ್ಯಾರೆ,” ಎಂದರು ಕಾಕಾ.

ಹುಡುಗಿ ಯಾವತ್ತಿನಂತೆ ಒಂದು ಫೋಟೋ ಕಳಿಸಿರಿ ಎಂದಳು. ಕಾಕಾ ಹೊರಗೆ ಹೋಗಿ ಬೇವಿನ ಗಿಡದ ಕೆಳಗಿನ ಕುರಿಗಳ ಫೋಟೋ ತೆಗೆದು ಬಂದರು. ಕನ್ನಡಕ ಏರಿಸಿ ಆಪ್ ತೆರೆದರು, ಕ್ಲಿಪ್ಪಿನ ಗುರುತು ಒತ್ತಿದರು. ಜನ ಕಳಿಸಿದ ಶುಭೋದಯದ ಹೂಗಳ ರಾಶಿಯಲ್ಲಿ ಬಹಳ ಹೊತ್ತು ಹುಡುಕಿ ಆ ಕುರಿಗಳನ್ನು ಆರಿಸಿದರು. ಫೋಟೋ ಜೋಡಣೆಯಾಗಿತ್ತು. ನಾನು ಅದನ್ನು ಕಣ್ಣಾರೆ ಕಂಡೆ. ಆಮೇಲೆ ಫೋನನ್ನು ಸ್ಟೂಲಿನ ಮೇಲಿಟ್ಟು ಹೆಂಡತಿಯ ಕಡೆ ತಿರುಗಿದರು.

“ಹಾಕೇನಿ. ನೀ ಬರಿ.”

ಕಾಕು ಸೆರಗಿನಲ್ಲಿ ಕೈ ಒರೆಸಿಕೊಂಡು ತಮ್ಮ ಫೋನ್ ತೆಗೆದರು. ಅದರಲ್ಲಿ ಅಕ್ಷರ ದೊಡ್ಡದು ಮಾಡಿಟ್ಟಿದ್ದರು. ಆಪ್ ಅದರಲ್ಲೂ ಇತ್ತು, ಇಬ್ಬರಿಗೂ ಖಾತೆ ಒಂದೇ. ಅವರು ಹೊಸ ಮೇಲ್ ತೆರೆದು ನಮ್ಮ ವಿಳಾಸ ಹಾಕಿದರು. ಕಾಕಾ ಹೇಳಿದ್ದನ್ನು ತಿದ್ದಿ ತಿದ್ದಿ ಬರೆದರು. ಫೋಟೋ ವಾಪಸ್ ಕಳಿಸಿರಿ ಎಂದು ಕೊನೆಯ ಸಾಲು ಸೇರಿಸಿ ಕಳಿಸಿಬಿಟ್ಟರು.

“ಆತು,” ಎಂದರು ಇಬ್ಬರೂ.

ಕಾಕಾನ ಫೋನಿನಲ್ಲಿ ಆ ಕುರಿಗಳು ವಿಳಾಸವಿಲ್ಲದೆ ಉಳಿದಿದ್ದವು. ಹುಡುಗಿ ಕೇಳಿ ಅದನ್ನು ಕೈಗೆ ತೆಗೆದುಕೊಂಡಳು. ಅರ್ಧಕ್ಕೆ ನಿಂತ ಮೇಲ್‌ಗಳೆಲ್ಲ ಅಲ್ಲಿದ್ದವು. ಕಾಲುವೆಗೆ ಬಂದ ನೀರು, ಶಾಲೆಯ ಮಕ್ಕಳು, ಸಂತೆಯ ಮೆಣಸಿನಕಾಯಿ ರಾಶಿ. ನಾವು ಮಾತುಗಳನ್ನಷ್ಟೇ ಓದಿ ನಕ್ಕಿದ್ದ ಸುದ್ದಿಗಳ ಫೋಟೋಗಳು.

“ಕಾಕಾ, ನೀವು ಇಲ್ಲಿ ಹಾಕಿದ್ದು ಕಾಕೂನ ಫೋನಿಗೆ ಹೋಗೂದಿಲ್ರಿ,” ಎಂದಳು ಮೆಲ್ಲಗೆ.

ಕಾಕಾ ಅವಳನ್ನೇ ನೋಡಿದರು. “ಖಾತೆ ಒಂದ ಅಂದಮ್ಯಾಲ ಲಕೋಟೆನೂ ಒಂದ ಅಲ್ಲನ? ನಾ ಫೋಟೋ ಹಾಕ್ತೇನಿ, ಆಕಿ ಬರದು ಅಂಟಿಸ್ತಾಳ. ನಮ್ಮದು ಮೊದಲಿಂದ ಹಂಗ.”

ಆಗ ಕಾಕು ಹಳೆಯ ಪದ್ಧತಿ ವಿವರಿಸಿದರು. ಸ್ಟುಡಿಯೋ ಇದ್ದಾಗ ಕಾಕಾ ಪ್ರಿಂಟ್ ಹಾಕಿ, ಒಣಗಿಸಿ ಕೊಡುತ್ತಿದ್ದರು. ಕಾಕು ಅದರ ಹಿಂಬದಿಗೆ ವಿವರ ಬರೆಯುತ್ತಿದ್ದರು. ಯಾರ ಪಕ್ಕ ಯಾರು ಎಂದು ಮರೆತರೆ ಪ್ರಿಂಟ್ ತಿರುವಿ ಮುಖ ನೋಡುವುದು, ಮತ್ತೆ ತಿರುವಿ ಬರೆಯುವುದು. ಲಕೋಟೆಗೆ ಹಾಕಿ ಗೋಕಾಕ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಮುಗಿಯಿತು. ಅಚ್ಚಾದ ಮೇಲೆ ಪ್ರಿಂಟ್ ಅದೇ ಬಸ್ಸಿನಲ್ಲಿ ತಿರುಗಿ ಬರುತ್ತಿತ್ತು.

“ವಾಪಸ್ ಬಂತಂದ್ರ ಮುಟ್ಟೇತಂತ ಗೊತ್ತಾಗ್ತಿತ್ತು. ಆಮ್ಯಾಲ ಅದನ್ನ ಫೋಟೋದಾಗ ಇದ್ದವ್ರಿಗೇ ಕೊಟ್ಟುಬಿಡ್ತಿದ್ವಿ. ಈಗ ಮುಟ್ಟತೈತೋ ಇಲ್ಲೋ, ಯಾರೂ ಏನೂ ಹೇಳೂದಿಲ್ಲ,” ಎಂದು ಕಾಕು ನನ್ನ ಕಡೆ ನೋಡಿದರು. ನಾನು ಬರೆದುಕೊಂಡೆ. ಮಾಲೀಕರ ಮಾತನ್ನೂ ಅಂದೇ ಹೇಳಿದೆ. ಹೇಳದಿರುವುದು ಇನ್ನು ಸರಿಯಾಗಿರಲಿಲ್ಲ. ಕಾಕಾ ಎದ್ದು ಹಳೆಯ ಪರದೆಯ ಮಡಿಕೆ ಸರಿಮಾಡಿದರು. “ದೀಪಾವಳಿಗಿ ಭಾಳ ದಿನ ಇಲ್ಲ,” ಎಂದರು. ಕಾಕು ಅವರ ತಣ್ಣಗಾದ ಚಹಾ ಎತ್ತಿಕೊಂಡು ಬಿಸಿ ಮಾಡಲು ಒಳಗೆ ಹೋದರು.

ಗೋಕಾಕಕ್ಕೆ ಮರಳುವ ಬಸ್ಸಿನಲ್ಲಿ ನಾನು, ಎಲ್ಲ ಒಂದೇ ಫೋನಿನಲ್ಲಿ ಮಾಡಿರಿ ಎಂದು ಅವರಿಗೆ ಹೇಳಿದರೆ ಸಾಕಲ್ಲವೇ ಎಂದೆ. “ಹೇಳಬಹುದ್ರಿ. ಆದ್ರ ಒಂದ ಫೋನ್ ಆದ್ರೂ ಈಗಿನ ಆಪ್‌ನಾಗ ಅದು ಅವ್ರಿಬ್ರ ನಡುವ ಎಷ್ಟು ಸಲ ತಿರಗಬೇಕು ನೋಡ್ರಿ. ಮೊದಲ ವಿಳಾಸ, ಅದು ಕಾಕು. ಆಮ್ಯಾಲ ಫೋಟೋ, ಅದು ಕಾಕಾ. ಮತ್ತ ಬರಿಯೂದು ಕಾಕು. ಬ್ಯಾಸತ್ತು ಮತ್ತ ಎರಡು ಫೋನ್ ಹಿಡೀತಾರ,” ಎಂದಳು.

ಅವಳು ಮಾಡಿದ ಹೊಸ ಆಪ್ ತೆರೆದರೆ ಮೊದಲು ಕಾಣುವುದು ಫೋಟೋ. ಕ್ಯಾಮೆರಾದಲ್ಲಿ ಈಗಷ್ಟೇ ತೆಗೆದವು ಮಾತ್ರ, ದೊಡ್ಡದಾಗಿ. ಶುಭೋದಯದ ಹೂವುಗಳು ಅಲ್ಲಿಗೆ ಬರುವುದಿಲ್ಲ. ಕ್ಲಿಪ್ಪಿನ ಚಿತ್ರ ಹೋಗಿ ‘ಫೋಟೋ ಹಾಕಿರಿ’ ಎಂಬ ಅಕ್ಷರ ಬಂದಿತ್ತು. ಮೊದಲ ಪ್ರಯತ್ನದಲ್ಲಿ ಫೋಟೋ ಆರಿಸಿದ ಮೇಲೆ ಅದರ ಜಾಗದಲ್ಲಿ ಬರೀ ಅಂಕಿಗಳಿರುವ ಫೈಲ್ ಹೆಸರು ಕಾಣುತ್ತಿತ್ತು. ಅದನ್ನು ಮೂಡಲಗಿಗೆ ಒಯ್ದಾಗ ಕಾಕು ಬರೆಯಲು ಒಪ್ಪಲಿಲ್ಲ.

“ಎಲ್ಲೈತಿ ಫೋಟೋ? ಮಾರಿ ಕಾಣಲಾರದ ಯಾರ ಬಾಜೂ ಯಾರಂತ ಬರೀಲಿ?”

ಎರಡನೆಯ ಸಲ ಫೋಟೋ ಪೂರ್ತಿಯಾಗಿ ಮೇಲಿತ್ತು, ಬರೆಯುವ ಜಾಗ ಅದರ ಕೆಳಗೇ. ನಮ್ಮ ವಿಳಾಸವನ್ನು ಕೇಳುವುದನ್ನೇ ಅವಳು ತೆಗೆದುಹಾಕಿದ್ದಳು. ಹೋಗುವ ಊರು ಒಂದೇ ಆಗಿರುವಾಗ ದಿನಾ ಕೇಳುವುದೇಕೆ? ಕಾಕಾ ಫೋಟೋ ಹಾಕಿ ಫೋನನ್ನು ಹೆಂಡತಿಯ ಕೈಗಿತ್ತರು. ಕಾಕು ಅಕ್ಷರ ದೊಡ್ಡದಾಗಿದೆಯೇ ಎಂದು ನೋಡಿದರು, ಬರೆದರು, ಕಳಿಸಿದರು. ಫೋನ್ ಒಮ್ಮೆ ಮಾತ್ರ ಕೈ ಬದಲಾಯಿಸಿತು. ಹುಡುಗಿ ಅಷ್ಟು ಹೊತ್ತೂ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.

ದೀಪಾವಳಿಗೆ ಸ್ವಲ್ಪ ಮೊದಲು ಕಲ್ಲೋಳಿಯಲ್ಲಿ ಹೆಣ್ಣುಮಕ್ಕಳ ಖೋ ಖೋ ಪಂದ್ಯ ನಡೆಯಿತು. ಆಪ್ ಮಾಡಿದ ಹುಡುಗಿ ಅಂದು ಕಚೇರಿಯಲ್ಲೇ ಇದ್ದಳು. ನಾನು ಕಾಕಾಗೆ ಫೋನ್ ಮಾಡಿ ನೆನಪಿಸಲು ಹೋದರೆ ಬೇಡ ಎಂದಳು. ಪುಟ ಕಟ್ಟುವವರು ಪಂದ್ಯದ ಫೋಟೋದ ಜಾಗ ಬಿಟ್ಟು ಉಳಿದದ್ದನ್ನು ತುಂಬಿ ಕೂತಿದ್ದರು. ಯಾರೂ ತಮಾಷೆ ಮಾಡಲಿಲ್ಲ. ಮಾಲೀಕರು ಒಂದು ಸಲ ಬಾಗಿಲವರೆಗೆ ಬಂದು ಹೋದರು. ದೀಪ ಹಚ್ಚುವ ಹೊತ್ತಿಗೆ ಮೇಲ್ ಬಂತು.

ಧೂಳಿನಲ್ಲಿ ಮುಂದಕ್ಕೆ ಜಿಗಿದ ಹುಡುಗಿಯ ಬೆರಳು ಎದುರಾಳಿಯ ಬೆನ್ನಿಗೆ ಇನ್ನೇನು ತಾಗಬೇಕು. ಹಿಂದೆ ಸಾಲಾಗಿ ಕೂತವರ ಬಾಯಿಗಳು ತೆರೆದಿವೆ. ಅಚ್ಚಿಗೆ ಬೇಕಾದಷ್ಟು ದೊಡ್ಡ ಫೋಟೋ. ಕೆಳಗೆ ಎಡದಿಂದ ಬಲಕ್ಕೆ ಎಲ್ಲರ ಹೆಸರು. ಅದರ ಕೆಳಗೆ ಹಳೆಯ ಸಾಲು.

ಮಾಲೀಕರು ಬಂದು ನನ್ನ ಹಿಂದೆ ನಿಂತು ನೋಡಿದರು. “ಮ್ಯಾಲೆ ಹಾಕ್ರಿ, ನಾಕು ಕಾಲಂ,” ಎಂದರು. ಬಾಗಿಲಲ್ಲಿ ನಿಂತು, “ಮೂಡಲಗಿ, ಕಲ್ಲೋಳಿ ಇನ್ನ ಮುಂದನೂ ಕಾಕಾನೇ ನೋಡ್ಕೊಳ್ಲಿ,” ಎಂದು ಹೋದರು.

ಆಪ್‌ನಲ್ಲಿ ‘ಮುಟ್ಟಿದೆ’ ಎಂಬ ಗುರುತನ್ನು ಹುಡುಗಿ ಆಗಲೇ ಇಟ್ಟಿದ್ದಳು. ನಾವು ಮೇಲ್ ತೆರೆದ ಕೂಡಲೇ ಅದು ಮೂಡಲಗಿಯಲ್ಲಿ ಕಾಣುತ್ತದೆ. ಸಾಕಾಗಿತ್ತು. ಆದರೂ ಮರುದಿನ ಪತ್ರಿಕೆ ಬಂದ ಮೇಲೆ ನಾನು ಆಪ್‌ನಲ್ಲಿ ಕಾಕಾನ ಮೇಲ್‌ಗೆ ಉತ್ತರ ತೆರೆದು, ‘ಫೋಟೋ ಹಾಕಿರಿ’ ಒತ್ತಿ, ಅದರಲ್ಲೇ ಬಂದಿದ್ದ ಆ ಖೋ ಖೋ ಹುಡುಗಿಯರನ್ನು ಆರಿಸಿದೆ. ಕೆಳಗಿನ ಜಾಗದಲ್ಲಿ ‘ಕೆಲಸವಾಯಿತು, ವಾಪಸ್ ಕಳಿಸಿದೆ’ ಎಂದು ಬರೆದೆ.

ಸ್ವಲ್ಪ ಹೊತ್ತಿಗೆ ಕಾಕು ಫೋನ್ ಮಾಡಿದರು. “ಮುಟ್ಟೇತ್ರಿ,” ಎಂದರು. “ಇವ್ರು ಪ್ರಿಂಟ್ ಹಾಕಿಸಿಕೊಂಡು ಕಲ್ಲೋಳಿಗಿ ಹೊಂಟಾರ, ಆ ಹುಡುಗ್ಯಾರಿಗಿ ಕೊಟ್ಟ ಬರಾಕ. ಹಿಂಬದಿ ಬರ್ಯಾಕ ನನ್ನನ್ನೂ ಕರಿಯಾಕತ್ತಾರ.”