ಮಾರಿಹೋದ ಸ್ಕೂಟರಿನ ಕೀ

ಆಯುಧಪೂಜೆಗೆ ಮುಂಚೆ ಒಮ್ಮೆ ಒರೆಸಿಬಿಡೋಣ ಎಂದು ಮೊನ್ನೆ ಕಂಪ್ಯೂಟರಿನ ಪಕ್ಕದ ತಗಡನ್ನು ಬಿಚ್ಚಿದೆ. ಫ್ಯಾನಿನ ರೆಕ್ಕೆಗಳ ಮೇಲೆ ದೂಳು ಗಟ್ಟಿಯಾಗಿ ಕೂತಿತ್ತು. ಹಳೇ ಬ್ರಷ್ಷಿನಿಂದ ಉಜ್ಜುತ್ತಿದ್ದ ಹಾಗೆ ಒಂದು ವಾಸನೆ ಎದ್ದಿತು. ಊದುಬತ್ತಿ, ಕರ್ಪೂರ, ಜೊತೆಗೆ ಏನೋ ಸ್ವಲ್ಪ ಕಾದ ಹಾಗೆ... ನಮ್ಮ ಮನೆಯಲ್ಲಿ ಊದುಬತ್ತಿ ಉರಿಯುವುದು ಅಡುಗೆಮನೆಯ ಮೂಲೆಯ ದೇವರ ಮುಂದೆ ಮಾತ್ರ. ಇದು ಎದುರುಮನೆ ಮೇಡಂ ಅವರ ನಡುಮನೆಯ ವಾಸನೆ. ಅಲ್ಲಿ ದೇವರ ಗೂಡಿನ ಕೆಳಗೇ ಈ ಕಂಪ್ಯೂಟರ್ ಇತ್ತು, ವರ್ಷಗಟ್ಟಲೆ ಹೊಗೆ ಕುಡಿದಿತ್ತು. ಅವರು ಹೋದ ಮೇಲೆ ಹಳೇ ಸಾಮಾನಿನವನ ಗಾಡಿ ಸೇರುವುದರಲ್ಲಿತ್ತು; ನಾನು ಕೇಳಿ ತಂದುಕೊಂಡೆ. ಆ ವಾಸನೆಗೆ ಅಳು ಬಂದಿದ್ದರೆ ಚೆನ್ನಾಗಿತ್ತು. ಬಂದದ್ದು ಸಿಟ್ಟು.

ಮೇಡಂ ಮಲ್ಲೇಶ್ವರಂನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಪಿಯುಸಿ ಮುಗಿದ ರಜೆಯಲ್ಲಿ ನಾನೂ ಅಲ್ಲಿಗೆ ಹೋಗುತ್ತಿದ್ದೆ. ಬೆರಳು ನೋಡಿಕೊಂಡು ಹೊಡೆಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಕೈಗಳ ಮೇಲೆ ಟವೆಲ್ ಹಾಕಿಬಿಡುತ್ತಿದ್ದರು. ತಮ್ಮ ವೇಗದ ಬಗ್ಗೆ ಅವರಿಗೆ ಜಂಬವಿತ್ತು, ಅದನ್ನು ಮುಚ್ಚಿಡುವವರ ಪೈಕಿಯೂ ಅಲ್ಲ. ಮದುವೆಯಾಗಿ ನಾನು ವೈಯಾಲಿಕಾವಲ್‌ಗೆ ಬಂದರೆ ಎದುರುಮನೆಯೇ ಅವರದು. ಮೊದಲ ದಿನವೇ ಗೇಟಿನ ಬಳಿ ನಿಂತು, ಇನ್ನೂ ಬೆರಳು ನೋಡಿಕೊಂಡೇ ಹೊಡೆಯುತ್ತೀಯಾ ಎಂದು ನಮ್ಮ ಅತ್ತೆಯ ಎದುರಿಗೇ ಕೇಳಿದ್ದರು.

ಇನ್‌ಸ್ಟಿಟ್ಯೂಟ್ ಮುಚ್ಚಿದ ಮೇಲೆ ಆ ಕೈಗಳಿಗೆ ಕೆಲಸ ಸಿಕ್ಕಿದ್ದು ಈ ಕಂಪ್ಯೂಟರಿನಲ್ಲಿ. ಅದು ಅವರ ಮಗ ಆಟಕ್ಕೆಂದೇ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಕಟ್ಟಿಸಿಕೊಂಡಿದ್ದ ಯಂತ್ರ. (ಮಗನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ. ನನಗಿಂತ ಚಿಕ್ಕವನು, ಅದೊಂದು ಕಾರಣ. ಇನ್ನೊಂದು ಮುಂದೆ ಗೊತ್ತಾಗುತ್ತದೆ.) ಮದುವೆಯಾಗಿ ಅವನ ಆಟ ನಿಂತಿತು, ಮೇಡಂ ಆಟ ಶುರುವಾಯಿತು. ಮೊದಲು ಇಸ್ಪೀಟು, ಆಮೇಲೆ ಕಾರ್ ರೇಸು. ಸಂಜೆ ದೀಪ ಹಚ್ಚಿ, ಕನ್ನಡಕ ಸರಿಮಾಡಿಕೊಂಡು ಕೂತರೆಂದರೆ ಟೈರು ಕಿರುಚುವ ಸದ್ದು ನಮ್ಮ ವರಾಂಡಕ್ಕೆ ಕೇಳುತ್ತಿತ್ತು.

ಅವರಿಗೊಂದು ಸ್ಕೂಟರೂ ಇತ್ತು. ಮಲ್ಲೇಶ್ವರಂ ಎಂಟನೇ ಕ್ರಾಸಿನ ಹೂವು, ಚಳಿಗಾಲದ ಸೊಗಡು ಅವರೇಕಾಯಿ, ಸಂಗೀತ ಕಚೇರಿ, ಗೆಳತಿಯರ ಮನೆ, ಎಲ್ಲಕ್ಕೂ ಅದೇ. ಯಾರನ್ನೂ ಕೇಳದೆ, ಯಾರಿಗೂ ಕಾಯದೆ ಹೋಗಿಬರುತ್ತಿದ್ದರು. ಒಮ್ಮೆ ನನ್ನನ್ನು ಹಿಂದೆ ಕೂರಿಸಿಕೊಂಡು ಸಂಪಿಗೆ ರಸ್ತೆಯಲ್ಲಿ ಬಸ್ಸಿನ ಪಕ್ಕದಿಂದ ನುಸುಳಿದಾಗ ನಾನು ಗಾಬರಿಯಲ್ಲಿ ಅವರ ಸೆರಗು ಹಿಡಿದುಕೊಂಡಿದ್ದೆ.

"ಭಯ ಯಾಕೆ? ಟೈಪ್ ಹೊಡೆಯೋದು, ಆಟದಲ್ಲಿ ತಿರುಗಿಸೋದು, ಇಲ್ಲಿ ಬ್ರೇಕ್ ಹಿಡಿಯೋದು, ಎಲ್ಲಾ ಒಂದೇ ಕೈ ಕಣೇ" ಎಂದರು.

ಮನೆಯಲ್ಲೂ ಆಗಾಗ ಹಾಗೆ ಹೇಳುತ್ತಿದ್ದರು. ಆ ಮಾತೇ ಮುಂದೆ ಅವರಿಗೆ ತಿರುಗುಬಾಣವಾಯಿತು.

ಆ ವರ್ಷ ನನಗೆ ಮೈಸೂರಿಗೆ ವರ್ಗವಾಗಿತ್ತು. ದಸರೆಗೆ ನಾನು ಇಲ್ಲಿರಲಿಲ್ಲ. ನಮ್ಮಲ್ಲಿ ಆಯುಧಪೂಜೆ ಎಂದರೆ ಗೊತ್ತಲ್ಲ. ಸುತ್ತಿಗೆ, ಈಳಿಗೆಮಣೆ, ಮಿಕ್ಸಿ, ಕಾರು, ಸ್ಕೂಟರು, ಒಂದನ್ನೂ ಬಿಡದೆ ತೊಳೆದು ಒರೆಸಿ ಕುಂಕುಮ ಇಟ್ಟು ಹೂವು ಮುಡಿಸುತ್ತೇವೆ. ಅವರ ಮಗ ಬಲು ಭಕ್ತಿಯಿಂದ ಕಂಪ್ಯೂಟರಿನ ಕೇಬಲ್ಲುಗಳನ್ನೆಲ್ಲ ಕಿತ್ತು, ಒರೆಸಿ, ಹಿಂದೆ ಮುಂದೆ ಕುಂಕುಮ ಹಚ್ಚಿ, ಮತ್ತೆ ಸಿಕ್ಕಿಸಿದ. ಪೂಜೆ ಸಾಂಗವಾಗಿ ಮುಗಿಯಿತು. ಮಾರನೆಯ ದಿನ ಮೇಡಂ ಆಟಕ್ಕೆ ಕೂತರೆ ಕಾರು ತಡವರಿಸತೊಡಗಿತು.

ಫೋನಿನಲ್ಲಿ ಅವರು ನನಗೆ ಹೇಳಿದ್ದು ಇಷ್ಟೇ. "ಕೈ ಮುಂದೆ ಹೋಗತ್ತೆ, ಚಿತ್ರ ಹಿಂದೆ ಬರತ್ತೆ." ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬಲ್ಲರು? ಯಾರನ್ನಾದರೂ ಕರೆಸಿ ಯಂತ್ರ ತೋರಿಸಿ ಎಂದೆ. ಮಗ ಬೇಡವೆಂದನಂತೆ. ವಾರ್ತೆ ಬರುತ್ತಿದೆ, ದೇವರನಾಮ ಕೇಳುತ್ತಿದೆ, ಯಂತ್ರಕ್ಕೇನಾಗಿದೆ ದಾಡಿ? ಆಗಿರುವುದು ಅಮ್ಮನಿಗೆ ಎಂಬುದು ಅವನ ತೀರ್ಪು.

ಮೇಡಂ ಸುಲಭಕ್ಕೆ ಒಪ್ಪಲಿಲ್ಲ. ಫೋನಿನಲ್ಲಿ ವಿಡಿಯೋಗಳನ್ನು ನೋಡಿ, ಹಿನ್ನೆಲೆಯಲ್ಲಿ ಓಡುತ್ತಿದ್ದ ಪ್ರೋಗ್ರಾಮುಗಳನ್ನು ಒಂದೊಂದಾಗಿ ನಿಲ್ಲಿಸಿದರು. ಬೇಡದ ಫೈಲುಗಳನ್ನು ಅಳಿಸಿದರು. ಪವರ್ ಸೆಟ್ಟಿಂಗ್ ಬದಲಾಯಿಸಿದರು. ಮೆಮೊರಿ ಜಾಸ್ತಿ ಮಾಡಿಸೋಣವೇ ಎಂದಾಗ ಮಗ ನಕ್ಕುಬಿಟ್ಟ. ಆಮೇಲೆ ಆಟದೊಳಗಿನ ಚಿತ್ರವನ್ನೇ ಇಳಿಸುತ್ತ ಹೋದರು. ನೆರಳು ತೆಗೆದರು. ಮರಗಳನ್ನು ಕಡಿಮೆ ಮಾಡಿದರು. ದಾರಿಬದಿ ನಿಂತು ಕೈಬೀಸುವ ಜನ ಹೋದರು. ಕೊನೆಗೆ, ಅಗಲ ಮಾಡಲೆಂದು ಮರ ಕಡಿದ ನಮ್ಮ ರಸ್ತೆಗಳ ಹಾಗೆ ಬೋಳು ದಾರಿ ಉಳಿಯಿತು. ಆದರೂ ಕಾರು ತಡವರಿಸುತ್ತಲೇ ಇತ್ತು. ಯಂತ್ರದಲ್ಲಿ ಸರಿಪಡಿಸುವುದೆಲ್ಲ ಮುಗಿಯಿತು, ಇನ್ನು ಉಳಿದದ್ದು ತಾನೇ ಎಂದು ಅವರಿಗೂ ಅನ್ನಿಸಿತು.

ಇಲ್ಲಿಂದ ನನ್ನ ಮೈ ಉರಿಯುತ್ತದೆ. ಮೊದಲು ಕಣ್ಣಿನ ಡಾಕ್ಟರು, ಹೊಸ ಕನ್ನಡಕ. ಆಮೇಲೆ ಮನೆಗೆ ಬಂದವರ ಮುಂದೆಲ್ಲ, ಅಮ್ಮನಿಗೆ ಮುಂಚಿನ ಚುರುಕಿಲ್ಲ ಎಂದು ನಗುನಗುತ್ತ ಹೇಳುವುದು. ಬಂದವರೂ ಹೌದು ಹೌದೆಂದು ತಲೆಯಾಡಿಸುವವರೇ. ಒಬ್ಬರಾದರೂ ಬಗ್ಗಿ ಮೇಜಿನ ಹಿಂದೆ ನೋಡಬಾರದಿತ್ತೇ? ವಯಸ್ಸಾದ ಹೆಂಗಸು ನಿಧಾನವಾದಳು ಎಂದುಬಿಟ್ಟರೆ ಬೇರೆ ಕಾರಣ ಹುಡುಕುವ ಶ್ರಮ ಉಳಿಯುತ್ತದೆ, ಅಷ್ಟೇ. ಕೊನೆಗೆ ಮಗ ಸ್ಕೂಟರಿನ ವಿಷಯಕ್ಕೆ ಬಂದ. ಆಟದಲ್ಲೇ ತಿರುವು ತಪ್ಪುವವಳು ರಸ್ತೆಯಲ್ಲಿ ಗಾಡಿ ಓಡಿಸುವುದು ಹೇಗೆ, ಎಲ್ಲಾ ಒಂದೇ ಕೈ ಎಂದು ನೀನೇ ಹೇಳುತ್ತಿದ್ದೆಯಲ್ಲ ಎಂದನಂತೆ. ಸ್ಕೂಟರ್ ಮಾರಿಹೋಯಿತು. ಕೊಂಡವನು ಎರಡನೇ ಕೀ ಕೇಳಿದಾಗ ಅದೆಲ್ಲೋ ಕಳೆದಿದೆ ಎಂದರಂತೆ ಮೇಡಂ. ಕಳೆದಿರಲಿಲ್ಲ.

ಮುಂದಿನ ದಸರೆಯ ಹೊತ್ತಿಗೆ ನಾನು ಬೆಂಗಳೂರಿಗೆ ವಾಪಸು ಬಂದಿದ್ದೆ. ಸಂಜೆ ಎದುರುಮನೆಯಿಂದ ಟೈರಿನ ಸದ್ದು ಬರುತ್ತಿರಲಿಲ್ಲ. ಆಯುಧಪೂಜೆಯ ಹಿಂದಿನ ದಿನ, ಮೇಜು ಎಳೆಯಲು ಕೈ ಕೊಡು ಬಾ ಎಂದು ಮೇಡಂ ಕರೆದರು. ಮಗ ಹೊರಗೆ ಕಾರು ತೊಳೆಯುತ್ತಿದ್ದ. ಕಂಪ್ಯೂಟರಿನ ಕೀಬೋರ್ಡಿನ ಮೇಲೆ ಟವೆಲ್ ಮುಚ್ಚಿತ್ತು. ಅವರ ನಡಿಗೆಯೂ ನಿಧಾನವಾಗಿತ್ತು... ದಿನಾ ಹೇಳಿಸಿಕೊಂಡು ಹೇಳಿಸಿಕೊಂಡು ಆದದ್ದು.

ಮೇಜು ಎಳೆದು ಹಿಂದೆ ಬಗ್ಗಿದೆ. ಪರದೆಯ ಕೇಬಲ್ ಸಿಕ್ಕಿಸಲು ಅಲ್ಲಿ ಎರಡು ಜಾಗ. ಕೆಳಗಿನದು ಗ್ರಾಫಿಕ್ಸ್ ಕಾರ್ಡಿನದು. ಆಟದ ಚಿತ್ರಗಳನ್ನು ಸರಸರ ಬಿಡಿಸುವುದು ಅದರ ಕೆಲಸ. ಮೇಲಿನದು ಮಾಮೂಲಿ ಬಳಕೆಗೆ. ಅಲ್ಲಿ ಸಿಕ್ಕಿಸಿದರೂ ಪರದೆ ಬೆಳಗುತ್ತದೆ, ವಾರ್ತೆ ಬರುತ್ತದೆ, ಆದರೆ ಕಾರ್ಡು ಕೆಲಸವಿಲ್ಲದೆ ಕೂತಿರುತ್ತದೆ. ಮನೆಯಲ್ಲಿ ಮಗಳ ಕಂಪ್ಯೂಟರ್ ಜೋಡಿಸಿ ನನಗೆ ಇಷ್ಟು ಗೊತ್ತಿತ್ತು. ಮೇಡಂ ಕೇಬಲ್ ಮೇಲಿನ ಜಾಗದಲ್ಲಿತ್ತು. ಕೆಳಗಿನ ಖಾಲಿ ಜಾಗದ ಪಕ್ಕ ಹೋದ ವರ್ಷದ ಕುಂಕುಮ ಒಣಗಿ ಅಂಟಿತ್ತು.

ಕಿತ್ತು ಕೆಳಗೆ ಸಿಕ್ಕಿಸಿದೆ. ಮೇಡಂ ಟವೆಲ್ ತೆಗೆದು ಕೂತರು. ಕಾರು ಅವರ ಬೆರಳಿನ ಜೊತೆಗೇ ತಿರುಗಿತು. ಒಂದು ಸುತ್ತು ಮುಗಿಸಿ, ಮರಗಳನ್ನು ವಾಪಸು ತಂದರು, ನೆರಳು ತಂದರು, ಜನರನ್ನು ತಂದರು, ಇನ್ನೊಂದು ಸುತ್ತು ಹೊಡೆದರು. ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಮಗನನ್ನು ಒಳಗೆ ಕರೆದು ನಡೆದದ್ದನ್ನು ತೋರಿಸಿ, ನನಗೆ ಸ್ಕೂಟರ್ ಕೊಡಿಸು ಎಂದರು.

ಅವನು ಒದ್ದೆ ಕೈ ಒರೆಸಿಕೊಳ್ಳುತ್ತ ನಕ್ಕ. "ಒಂದು ಕೇಬಲ್ ತಪ್ಪಾಗಿದ್ದಕ್ಕೆ ಸ್ಕೂಟರ್ ಕೇಳ್ತೀಯಲ್ಲಮ್ಮ. ಅದು ಬೇರೆ, ಇದು ಬೇರೆ."

ಮೇಡಂ ಪರದೆಯ ಕಡೆ ಬೆರಳು ತೋರಿಸಿದರು. "ನನ್ನ ಕೈ ನಿಧಾನ ಆಯ್ತು ಅನ್ನೋಕೆ ಇದೇ ಸಾಕಾಯ್ತು ನಿಂಗೆ. ಆಗಿಲ್ಲ ಅನ್ನೋಕೆ ಸಾಲಲ್ವಾ?"

ಅವನು ಕಾರು ತೊಳೆಯಲು ಹೋದ. ತಪ್ಪಾಯಿತು ಎಂಬ ಒಂದು ಮಾತು ಅವನ ಬಾಯಿಂದ ಹೊರಡಲಿಲ್ಲ. ಕೇಬಲ್ ತಪ್ಪಿದ್ದಕ್ಕೆ ನನಗೆ ಅವನ ಮೇಲೆ ಕೋಪವಿಲ್ಲ, ಅದು ಯಾರಿಂದಲೂ ಆಗಬಹುದು. ತಪ್ಪು ಗೊತ್ತಾದ ಮೇಲೂ ತೀರ್ಪನ್ನು ಹಾಗೇ ಉಳಿಸಿಕೊಂಡನಲ್ಲ, ಅದಕ್ಕೆ. ಏಕವಚನಕ್ಕೆ ಇನ್ನೊಂದು ಕಾರಣ ಇದೇ.

ಮಾರನೆಯ ದಿನದ ಪೂಜೆಗೆ ನನ್ನನ್ನೂ ಕರೆದಿದ್ದರು. ಸುತ್ತಿಗೆ, ಕತ್ತರಿ, ಕಾರಿನ ಕೀ ಇಟ್ಟಿದ್ದ ಮಣೆಯ ಮೇಲೆ ಮೇಡಂ ತಮ್ಮ ಸೊಂಟದಿಂದ ಇನ್ನೊಂದು ಕೀ ತೆಗೆದು ಇಟ್ಟರು. ಅದಕ್ಕೂ ಕುಂಕುಮ ಹಚ್ಚಿದರು, ಸೇವಂತಿಗೆ ಏರಿಸಿದರು. ಮಾರಿಹೋದ ಸ್ಕೂಟರಿನ ಕೀ. ಮಗ ನೋಡಿದ, ಮಂಗಳಾರತಿ ತೆಗೆದುಕೊಂಡು ಕಾರಿನ ಕಡೆ ಹೋದ. ಅಲ್ಲಿಂದ ಮುಂದೆ ಪ್ರತಿ ವರ್ಷವೂ ಆ ಕೀ ಪೂಜೆಗೆ ಬರುತ್ತಿತ್ತು. ಸಂಜೆಯ ಆಟವೂ ನಿಲ್ಲಲಿಲ್ಲ. ಆದರೆ ಎಂಟನೇ ಕ್ರಾಸಿಗೆ ಹೋಗಬೇಕೆಂದರೆ ಮಗನ ಬಿಡುವಿಗೆ ಕಾಯಬೇಕು, ಇಲ್ಲವೇ ಆಟೋದವನ ಹತ್ತಿರ ಜಗಳವಾಡಬೇಕು. ಸಂಗೀತ ಕಚೇರಿ ಬಿಟ್ಟುಹೋಯಿತು. ಗೆಳತಿಯರ ಮನೆ ಬಿಟ್ಟುಹೋಯಿತು. ಕೊನೆಯ ಸಲ ಆಸ್ಪತ್ರೆಗೆ ಹೊರಡುವಾಗ ಆ ಕೀಯನ್ನು ನನ್ನ ಕೈಗಿಟ್ಟು, ಅವನಿಗೆ ಕೊಡಬೇಡ ಎಂದರು.

ವೈಕುಂಠ ಸಮಾರಾಧನೆಯ ದಿನ, ಊಟಕ್ಕೆ ಕೂತವರ ಮುಂದೆ ಮಗ ಅಮ್ಮನ ಬಗ್ಗೆ ಮಾತಾಡಿದ. ಕಣ್ಣಲ್ಲಿ ನೀರಿತ್ತು, ಇಲ್ಲವೆನ್ನಲಾರೆ. ಇನ್‌ಸ್ಟಿಟ್ಯೂಟ್ ಕಟ್ಟಿದ್ದು, ಊರಿಗೆಲ್ಲ ಟೈಪಿಂಗ್ ಕಲಿಸಿದ್ದು, ಎಲ್ಲ ಹೇಳಿದ. ಕೊನೆಕೊನೆಗೆ ಅಮ್ಮನ ಕೈ ನಿಧಾನವಾಗಿತ್ತು, ಅದಕ್ಕೇ ನಾವೇ ಸ್ಕೂಟರ್ ಬಿಡಿಸಬೇಕಾಯಿತು ಎಂದೂ ಹೇಳಿದ. ನಾನು ಎಲೆಯ ಮುಂದೆ ಕೂತಲ್ಲಿಂದಲೇ "ನಿಧಾನ ಆಗಿರ್ಲಿಲ್ಲ" ಎಂದೆ. ಸಾಲಿನ ಕೊನೆಯವರೆಗೂ ಕೇಳಿಸಿರಬೇಕು. ಬಡಿಸುವವರು ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿ ಮುಂದೆ ಹೋದರು.

ನಿನ್ನೆ ನಮ್ಮ ಮನೆಯಲ್ಲಿ ಪೂಜೆಯಾಯಿತು, ಮೇಡಂ ಇಲ್ಲದ ಮೊದಲ ಆಯುಧಪೂಜೆ. ಕಂಪ್ಯೂಟರಿನ ದೂಳನ್ನೆಲ್ಲ ತೆಗೆದೆ. ಹಿಂದಿನ ಆ ಕುಂಕುಮದ ಕಲೆಯನ್ನು ಮಾತ್ರ ಒರೆಸಲಿಲ್ಲ. ಮಣೆಯ ಮೇಲೆ ಕೀ ಇಟ್ಟಾಗ, ಇದ್ಯಾವ ಗಾಡಿಯದು ಎಂದು ನಮ್ಮ ಯಜಮಾನರು ಕೇಳಿದರು. ಮೇಡಂದು ಎಂದೆ. ಆ ಗಾಡಿ ಈಗ ಯಾವ ರಸ್ತೆಯಲ್ಲಿದೆಯೋ ಗೊತ್ತಿಲ್ಲ. ಓಡಿಸುತ್ತಿದ್ದವರಂತೂ ಇಲ್ಲ... ಕೀಗೆ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು ಕೈಮುಗಿದೆ. ಕೈಮುಗಿಯುವಾಗ ಮನಸ್ಸಿನಲ್ಲಿ ಸಿಟ್ಟು ಇರಬಾರದು ಎನ್ನುತ್ತಾರೆ. ನನಗಿತ್ತು.